ಧರ್ಮರಾಯನ ನಾಯಿ ಮತ್ತು ನಮ್ಮ ಪ್ರವಾಸ

ದಸರೆಯ ರಜೆ ಹತ್ತಿರವಾಗಿತ್ತು. ಸಿಂಧನೂರಿನ ನನ್ನ ಗೆಳೆಯರೊಬ್ಬರು ಮನೆಮಂದಿಯನ್ನೆಲ್ಲ ಕರೆದುಕೊಂಡು ಮೊದಲು ಮಸ್ಕಿ, ಆಮೇಲೆ ಗಂಗಾವತಿಯ ಮೇಲೆ ಹಾಯ್ದು ಹಂಪಿ, ಅಲ್ಲಿಂದ ದರೋಜಿಯ ಕರಡಿಧಾಮ ನೋಡಿ ಬರುವುದೆಂದು ನಿಶ್ಚಯಿಸಿದ್ದರು. ಅವರ ಲೆಕ್ಕದಲ್ಲಿ ಮನೆಮಂದಿಯೆಂದರೆ ಆರು ವರ್ಷದಿಂದ ಸಾಕಿದ ನಾಯಿಯೂ ಸೇರಿತು. ವಿಚಾರಿಸಿದ ಕಡೆಯಲ್ಲೆಲ್ಲ ‘ನಾಯಿ ತರಬೇಡಿ’ ಎಂಬ ಉತ್ತರವೇ ಬಂದಿತಂತೆ. ಮುಖ ಸಣ್ಣದು ಮಾಡಿಕೊಂಡು ನನ್ನಲ್ಲಿಗೆ ಬಂದು, “ಧರ್ಮರಾಯ ಸ್ವರ್ಗಕ್ಕ ನಾಯಿ ಕರಕೊಂಡು ಹೋದ ಅಂತ ಪುರಾಣದಾಗ ಕೇಳೀವಿ. ನಮ್ಮ ನಾಯಿಗೆ ಹಂಪಿನೂ ಇಲ್ಲೇನ್ರಿ?” ಎಂದರು.

ಇಬ್ಬರೂ ನಕ್ಕೆವು. ಆದರೆ ಆ ಮಾತು ನನ್ನ ತಲೆಯಲ್ಲಿ ಉಳಿಯಿತು. ಕಾವ್ಯವೊಂದನ್ನು ಸಾಕ್ಷಿಗೆ ಕರೆದ ಮೇಲೆ, ಸಾಕ್ಷಿ ನಿಜವಾಗಿ ಏನು ಹೇಳುತ್ತದೆ ಎಂದು ನೋಡುವುದು ಓದುವವನ ಕೆಲಸ. ಅಂದು ರಾತ್ರಿ ಪುಸ್ತಕಗಳನ್ನು ತೆಗೆದು ಕುಳಿತೆ.

ಮಹಾಪ್ರಸ್ಥಾನಿಕ ಪರ್ವದ ಕಥೆ ನಮಗೆಲ್ಲ ಗೊತ್ತಿದೆ ಎಂದುಕೊಂಡಿರುತ್ತೇವೆ. ರಾಜ್ಯವನ್ನು ಬಿಟ್ಟು ಹೊರಟ ಪಾಂಡವರಿಗೂ ದ್ರೌಪದಿಗೂ ಒಂದು ನಾಯಿ ಜೊತೆಯಾಗುತ್ತದೆ. ದಾರಿಯಲ್ಲಿ ದ್ರೌಪದಿ, ಸಹದೇವ, ನಕುಲ, ಅರ್ಜುನ, ಭೀಮ ಒಬ್ಬೊಬ್ಬರಾಗಿ ಬೀಳುತ್ತಾರೆ. ಉಳಿದವರು ಇಬ್ಬರೇ: ಧರ್ಮರಾಯ, ಆ ನಾಯಿ. ಇಂದ್ರ ರಥವನ್ನು ತರುತ್ತಾನೆ. ನಾಯಿಯೂ ಬರಲಿ ಎಂದು ಧರ್ಮರಾಯ ಕೇಳುತ್ತಾನೆ. ನಾಯಿಯುಳ್ಳವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ಇಂದ್ರ ಹೇಳುತ್ತಾನೆ. ಮಾತು ಬೆಳೆಯುತ್ತದೆ. ಅದು ನಿಲ್ಲುವುದು ಎಲ್ಲಿ? ‘ನಾಯಿಯನ್ನು ಒಳಗೆ ಬಿಡಲೇಬೇಕು’ ಎಂಬ ಹಕ್ಕಿನ ಮಾತಿನಲ್ಲಿ ಅಲ್ಲ. ‘ನಂಬಿ ಬಂದದ್ದನ್ನು ಬಿಡಲಾರೆ, ನನಗೂ ಆ ಸುಖ ಬೇಡ’ ಎಂಬಲ್ಲಿ. ಆಗ ನಾಯಿಯಿದ್ದ ಕಡೆ ಧರ್ಮದೇವತೆ ನಿಂತಿರುತ್ತಾನೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಒಂದನೆಯದು, ನಾಯಿ ನಾಯಿಯಾಗಿ ಸ್ವರ್ಗದೊಳಕ್ಕೆ ಹೋಗುವುದೇ ಇಲ್ಲ. ಬಾಗಿಲಲ್ಲಿಯೇ ಅದು ದೇವರಾಗಿಬಿಡುತ್ತದೆ; ಇಂದ್ರನ ನಿಯಮವೂ ಮುರಿಯಲಿಲ್ಲ, ಧರ್ಮರಾಯನ ಮಾತೂ ಉಳಿಯಿತು. ಕವಿ ತೊಡಕನ್ನು ಬಿಡಿಸಲಿಲ್ಲ, ಕರಗಿಸಿಬಿಟ್ಟ. ಎರಡನೆಯದು, ದೇವರಾಗುವ ಮೊದಲೇ, ಅದು ಬರಿಯ ನಾಯಿಯಾಗಿದ್ದಾಗಲೇ, ಧರ್ಮರಾಯ ಹಿಂದಿರುಗಲು ಸಿದ್ಧನಾಗಿದ್ದ. ಕಥೆಯ ಬೆಲೆಯೆಲ್ಲ ಆ ಸಿದ್ಧತೆಯಲ್ಲಿದೆ. ನನ್ನ ಗೆಳೆಯರು ಕೇಳಿದ್ದು ನಾಯಿಗೂ ತಮಗೂ ಒಟ್ಟಿಗೆ ಹಂಪಿ. ಧರ್ಮರಾಯನ ಕಥೆ ಅವರ ಪರವಾಗಿ ಸಾಕ್ಷಿ ನುಡಿಯುವುದಿಲ್ಲ.

ಕನ್ನಡದಲ್ಲಿ ಈ ಕಥೆಗೆ ಒಂದು ಸ್ವಾರಸ್ಯವಿದೆ. ಕುಮಾರವ್ಯಾಸ ಹತ್ತು ಪರ್ವಗಳಿಗೆ ತನ್ನ ಭಾರತವನ್ನು ನಿಲ್ಲಿಸಿದ. ಉಳಿದ ಪರ್ವಗಳನ್ನು ಬರೆದು ಮುಗಿಸಿದವನು ಕೃಷ್ಣದೇವರಾಯನ ಆಶ್ರಯದಲ್ಲಿದ್ದ ತಿಮ್ಮಣ್ಣ ಕವಿ. ಮಹಾಪ್ರಸ್ಥಾನವೂ ಸ್ವರ್ಗಾರೋಹಣವೂ ಸೇರಿದ ಆ ಭಾರತಕ್ಕೆ ನೆರಳಾಗಿದ್ದದ್ದು ವಿಜಯನಗರದ ಅರಸೊತ್ತಿಗೆ. ಅದರ ರಾಜಧಾನಿಯೇ ಇಂದು ನಾಯಿಯನ್ನು ತರಬೇಡಿ ಎನ್ನುವ ಹಂಪಿ.

ಈ ಪ್ರಶ್ನೆಯನ್ನು ನಮ್ಮ ಕಾಲದಲ್ಲಿ ನೇರವಾಗಿ ಎದುರಿಸಿದ ಪುಸ್ತಕವೊಂದು ಅಮೆರಿಕದಲ್ಲಿದೆ. ಜಾನ್ ಸ್ಟೈನ್‌ಬೆಕ್ ೧೯೬೦ರಲ್ಲಿ ಚಾರ್ಲಿ ಎಂಬ ಮುದಿ ನಾಯಿಯೊಡನೆ ತನ್ನ ದೇಶವನ್ನು ಸುತ್ತಿ ಬಂದು ‘ಟ್ರಾವೆಲ್ಸ್ ವಿತ್ ಚಾರ್ಲಿ’ಯನ್ನು ಬರೆದ. ಪುಸ್ತಕ ಪ್ರಕಟವಾದದ್ದು ೧೯೬೨ರಲ್ಲಿ. ಆತನಿಗೆ ನೊಬೆಲ್ ಪಾರಿತೋಷಕ ಬಂದದ್ದೂ ಅದೇ ವರ್ಷ. ಚಾರ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಪೂಡಲ್ ಜಾತಿಯ ನಾಯಿ. ಸಭ್ಯ, ಮಿತಭಾಷಿ, ಜಗಳವೆಂದರೆ ದೂರ. ದಾರಿಯಲ್ಲಿ ಯೆಲ್ಲೋಸ್ಟೋನ್ ಸಿಕ್ಕಿತು. ೧೮೭೨ರಲ್ಲಿ ಸ್ಥಾಪನೆಯಾದ ಇದು ಜಗತ್ತಿನ ಮೊದಲ ರಾಷ್ಟ್ರೀಯ ಉದ್ಯಾನವೆಂದು ಪ್ರಸಿದ್ಧವಾದದ್ದು. ಇಂಥ ತಾಣಗಳಲ್ಲಿ ಸ್ಟೈನ್‌ಬೆಕ್‌ಗೆ ದೊಡ್ಡ ಆಸಕ್ತಿಯಿರಲಿಲ್ಲ. ಅಷ್ಟು ಹತ್ತಿರ ಹೋಗಿಯೂ ನೋಡಲಿಲ್ಲವೇ ಎಂದು ನೆರೆಹೊರೆಯವರು ಕೇಳಿಯಾರೆಂಬ ಅಂಜಿಕೆಯಿಂದ ಒಳಗೆ ಹೋದೆನೆಂದು ಆತ ಒಪ್ಪಿಕೊಳ್ಳುತ್ತಾನೆ. ಈ ಅಂಜಿಕೆ ನಮಗೂ ಹೊಸದಲ್ಲ. ನಮ್ಮ ಪ್ರವಾಸಗಳಲ್ಲಿ ಅರ್ಧಕ್ಕರ್ಧ ಹೊರಡುವುದು ಇದರ ಬಲದಿಂದಲೇ.

ಬಾಗಿಲ ಕಾವಲುಗಾರ ಕರಡಿಗಳ ವಿಷಯ ಹೇಳಿ ಎಚ್ಚರಿಸಿದ. ನನ್ನ ನಾಯಿ ಬೇರೆ ತರಹದ್ದು, ಯಾರ ಗೋಜಿಗೂ ಹೋಗದು ಎಂದು ಸ್ಟೈನ್‌ಬೆಕ್ ಭರವಸೆ ಕೊಟ್ಟ. ಸ್ವಲ್ಪ ದೂರದಲ್ಲಿಯೇ ದಾರಿಯ ಬದಿಗೆ ಕರಡಿ ಕಾಣಿಸಿತು. ಚಾರ್ಲಿಗೆ ಹುಚ್ಚೇ ಹಿಡಿದಂತಾಯಿತು. ಅದುವರೆಗೆ ಯಾರೂ ಕೇಳದಿದ್ದ ದನಿಯಲ್ಲಿ ಅರಚಿತು, ಗಾಡಿಯೊಳಗಿನಿಂದಲೇ ಕರಡಿಯ ಮೇಲೆ ಬೀಳಲು ಹವಣಿಸಿತು. ಮತ್ತೊಂದು ಕರಡಿ, ಮತ್ತೆ ಅದೇ ರಂಪ. ಕೊನೆಗೆ ಸ್ಟೈನ್‌ಬೆಕ್ ಉದ್ಯಾನದ ಅದ್ಭುತಗಳನ್ನು ನೋಡದೆ ಗಾಡಿ ತಿರುಗಿಸಿ ಹೊರಗೆ ಬಂದ.

ಇಡೀ ಪುಸ್ತಕದಲ್ಲಿ ನನಗೆ ಹೆಚ್ಚು ಮೆಚ್ಚಿಗೆಯಾದ ಭಾಗ ಇದು. ಉಳಿದ ಕಡೆ ಚಾರ್ಲಿ ಲೇಖಕನ ಕೈಗೊಂಬೆ. ಅಪರಿಚಿತರೊಡನೆ ಮಾತು ತೆಗೆಯಲು ಒಂದು ನೆಪ. ಒಬ್ಬಂಟಿತನದಲ್ಲಿ ಆಡಿದ ಮಾತಿಗೆ ಒಂದು ಕಿವಿ. ಕರಡಿ ಎದುರಾದ ಗಳಿಗೆಯಲ್ಲಿ ಮಾತ್ರ ಅದು ಲೇಖಕ ಬರೆದುಕೊಂಡಿದ್ದ ಚಾರ್ಲಿಯಾಗಿ ಉಳಿಯಲಿಲ್ಲ, ನಾಯಿಯಾಯಿತು. ‘ನನ್ನ ನಾಯಿ ಅಂಥದಲ್ಲ’ ಎಂಬ ಮಾತು ನಾಯಿ ಸಾಕಿದವರೆಲ್ಲರ ಬಾಯಲ್ಲಿಯೂ ಇರುತ್ತದೆ. ಅದು ಸುಳ್ಳಾಗುವುದನ್ನು ಸ್ಟೈನ್‌ಬೆಕ್ ನಗುತ್ತ ಬರೆದ, ತನ್ನ ಸೋಲನ್ನು ಮುಚ್ಚಲಿಲ್ಲ. ತಿರುಗಿ ಹೊರಟ ಆ ಗಾಡಿಯಲ್ಲಿ ಧರ್ಮರಾಯನ ಕಥೆಯ ಒಂದು ಚೂರಾದರೂ ಇದೆ.

ಈ ಪುಸ್ತಕದ ಸತ್ಯವನ್ನು ಕುರಿತು ಈಚೆಗೆ ಆಕ್ಷೇಪಣೆಗಳು ಬಂದಿವೆ. ಸ್ಟೈನ್‌ಬೆಕ್ ಹೇಳಿದ ದಾರಿಯನ್ನೇ ಮತ್ತೆ ಹಿಡಿದು ಹೋದ ಪತ್ರಕರ್ತರೊಬ್ಬರು ಅನೇಕ ಭೇಟಿಗಳೂ ಸಂಭಾಷಣೆಗಳೂ ಕಲ್ಪಿತವೆಂದು ವಾದಿಸಿದರು. ಐವತ್ತನೆಯ ವರ್ಷದ ಆವೃತ್ತಿಯ ಮುನ್ನುಡಿಯೂ ಇದನ್ನು ಅಕ್ಷರಶಃ ನಂಬಬೇಡಿ ಎಂದು ಓದುಗರನ್ನು ಎಚ್ಚರಿಸಿತು. ಕಾದಂಬರಿಕಾರ ಪ್ರವಾಸಕ್ಕೆ ಹೋದಾಗ ಕಾದಂಬರಿಯನ್ನು ಮನೆಯಲ್ಲಿ ಬಿಟ್ಟು ಹೋಗುವುದಿಲ್ಲ. ಆದರೂ ನಾಯಿ ಸಾಕಿದವರಾರೂ ಯೆಲ್ಲೋಸ್ಟೋನಿನ ಪ್ರಸಂಗವನ್ನು ಅಲ್ಲಗಳೆಯಲಾರರು. ದರೋಜಿಯಲ್ಲಿ ಸಂಜೆಯ ಹೊತ್ತು ಕರಡಿಗಳು ಬಂಡೆಗಳ ನಡುವಿನಿಂದ ಇಳಿದು ಬರುವುದನ್ನು ದೂರದ ಗೋಪುರದಿಂದ ಉಸಿರು ಬಿಗಿಹಿಡಿದು ನೋಡಿದವರಿಗೆ, ಅಲ್ಲಿ ಒಂದೇ ಒಂದು ಬೊಗಳು ಎಂಥ ಅನಾಹುತವೆಂಬುದು ಹೊಳೆಯದೆ ಇರದು.

ನಮ್ಮ ಪ್ರವಾಸ ಸಾಹಿತ್ಯದಲ್ಲಿ, ನಾನು ಓದಿದ ಮಟ್ಟಿಗೆ, ನಾಯಿ ಬಹಳ ಅಪರೂಪ. ನಾವು ಹಂಡೆ ಹಾಸಿಗೆ ಕಟ್ಟಿಕೊಂಡು ಹೋದೇವು, ಮುದುಕಿಯನ್ನೂ ಕೈಗೂಸನ್ನೂ ಕರೆದೊಯ್ದೇವು. ನಾಯಿಯನ್ನು ಮಾತ್ರ ಹೊಸ್ತಿಲಲ್ಲಿ ಬಿಟ್ಟು ಹೊರಡುತ್ತೇವೆ. ಈ ಕೊರತೆಯನ್ನು ತುಂಬಿದವರು ಪ್ರವಾಸ ಬರೆದವರಲ್ಲ, ಕಾಡಿನ ಅಂಚಿನಲ್ಲಿ ಬಾಳಿದ ಪೂರ್ಣಚಂದ್ರ ತೇಜಸ್ವಿ. ೧೯೮೦ರ ‘ಕರ್ವಾಲೊ’ದಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟ ತಂಡದಲ್ಲಿ ವಿಜ್ಞಾನಿ, ಮಂದಣ್ಣ, ಕರಿಯಪ್ಪ ಇವರ ಜೊತೆಗೆ ‘ಕಿವಿ’ ಎಂಬ ನಾಯಿಯೂ ಇದೆ. ‘ಪರಿಸರದ ಕಥೆ’ಯಲ್ಲಿಯೂ ಅದು ಮತ್ತೆ ಬರುತ್ತದೆ. ಕಿವಿ ಯಾರ ಒಬ್ಬಂಟಿತನಕ್ಕೂ ಮದ್ದಲ್ಲ, ಯಾವ ನೀತಿಗೂ ದೃಷ್ಟಾಂತವಲ್ಲ. ಅದರ ಮೂಗು ಅದರದು, ಅದರ ಹಟ ಅದರದು. ಈ ಗುಣದಲ್ಲಿ ತೇಜಸ್ವಿ ಸ್ಟೈನ್‌ಬೆಕ್‌ಗಿಂತ ಒಂದು ಹೆಜ್ಜೆ ಮುಂದೆ ಎಂದೇ ನನ್ನ ಅಭಿಪ್ರಾಯ. ಆದರೆ ಒಂದು ಭೇದವನ್ನು ಮರೆಯಬಾರದು. ಕಿವಿ ಕಾಡಿಗೆ ಚೀಟಿ ಪಡೆದು ಬಂದ ಅತಿಥಿಯಲ್ಲ, ಆ ನೆರೆಯಲ್ಲಿಯೇ ಬೆಳೆದದ್ದು. ಬಾಗಿಲೂ ಬೇಲಿಯೂ ಇಲ್ಲದ ಕಡೆ ಧರ್ಮರಾಯನ ಪ್ರಶ್ನೆ ಹುಟ್ಟುವುದೇ ಇಲ್ಲ.

ಈಗ ಬಾಗಿಲಿದೆ. ಅದು ಬರಿಯ ಅಧಿಕಾರದ ದರ್ಪವೆಂದು ತಿಳಿದರೆ ತಪ್ಪಾಗುತ್ತದೆ. ೧೯೯೪ರಲ್ಲಿ ಆಫ್ರಿಕದ ಸೆರೆಂಗೆಟಿಯಲ್ಲಿ ಸುಮಾರು ಸಾವಿರ ಸಿಂಹಗಳು, ಎಂದರೆ ಅಲ್ಲಿನ ಸಿಂಹಗಳಲ್ಲಿ ಮೂರನೆಯ ಒಂದು ಪಾಲು, ಡಿಸ್ಟೆಂಪರ್ ರೋಗದಿಂದ ಸತ್ತವು. ಅದು ನಾಯಿಗಳ ರೋಗ. ಸುತ್ತಣ ಹಳ್ಳಿಗಳ ಸಾಕುನಾಯಿಗಳಿಂದ ಬಂದಿತೆಂದು ತಜ್ಞರ ತೀರ್ಮಾನ. ೨೦೧೮ರಲ್ಲಿ ನಮ್ಮ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗಲೂ ಅದೇ ರೋಗದ ವಿಷಾಣು ಕಂಡುಬಂದಿತು. ನಾಗರಹೊಳೆ ಬಂಡೀಪುರಗಳ ಸೀಳುನಾಯಿ ನಮ್ಮ ಮನೆಯ ನಾಯಿಯ ದಾಯಾದಿ. ನಮ್ಮ ನಾಯಿ ಗುಣವಂತವಾಗಿರಬಹುದು. ರೋಗಕ್ಕೆ ಗುಣದ ಪರಿಚಯವಿಲ್ಲ. ಹಾಗೆಂದು ನಾಯಿಗೇ ಕಾಡು ಮುಚ್ಚಿದೆಯೆನ್ನಲಾಗದು. ಬೇಟೆಗಾರರ ಜಾಡು ಹಿಡಿಯಲು ಅರಣ್ಯ ಇಲಾಖೆಯೇ ಪಳಗಿಸಿದ ನಾಯಿಗಳನ್ನು ಬಂಡೀಪುರದಲ್ಲಿ ದುಡಿಸಿಕೊಂಡಿದೆ. ಕೆಲಸಕ್ಕೆ ಬಂದ ನಾಯಿಗೆ ಎಡೆಯಿದೆ, ನಮ್ಮ ವಿನೋದಕ್ಕೆ ಬಂದದ್ದಕ್ಕೆ ಇಲ್ಲ.

ಸ್ಮಾರಕಗಳ ವಿಷಯದಲ್ಲಿ ನ್ಯಾಯ ಇಷ್ಟು ಸುಲಭವಲ್ಲ. ೧೯೫೯ರ ನಿಯಮಗಳು ಸಂರಕ್ಷಿತ ಸ್ಮಾರಕದೊಳಕ್ಕೆ, ಅದರ ನಿರ್ವಹಣೆಯ ಕೆಲಸಕ್ಕಲ್ಲದೆ, ಪ್ರಾಣಿಯನ್ನು ತರಬಾರದೆನ್ನುತ್ತವೆ. ಹೊರಗಿನ ಮಾತು ಹೀಗಾದರೆ ಒಳಗೆ ನೋಡಿ: ಭೈರವನ ಕಾಲ ಬಳಿ ನಾಯಿ, ಬೇಟೆಯ ಪಟ್ಟಿಕೆಗಳಲ್ಲಿ ನಾಯಿ. ಹಂಪಿಯ ಮಂಟಪಗಳ ನೆರಳಿನಲ್ಲಿ ಊರ ನಾಯಿಗಳು ಯಾರ ಅಪ್ಪಣೆಯೂ ಇಲ್ಲದೆ ಮಲಗಿರುತ್ತವೆ. ತಡೆಯೆಲ್ಲ ಹಗ್ಗದ ತುದಿಯಲ್ಲಿ ಮನುಷ್ಯನಿರುವ ನಾಯಿಗೇ. ಇದರಲ್ಲಿ ನಗೆಗೆ ಎಡೆಯುಂಟು. ಆದರೂ ಜನಸಂದಣಿ, ಮಕ್ಕಳು, ಕೆಡಬಹುದಾದ ಕಲ್ಲು ಇವನ್ನೆಲ್ಲ ನೆನೆದರೆ ನಿಯಮವನ್ನು ತೆಗೆದುಹಾಕಿ ಎನ್ನಲು ನನಗೆ ಧೈರ್ಯವಿಲ್ಲ.

ನಾಯಿಯೇ ಸ್ಮಾರಕವಾದ ಒಂದು ಊರು ನಮ್ಮಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಹತ್ತನೆಯ ಶತಮಾನದ ನಡುವಿನದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿದರು. ಆ ಯುದ್ಧದಲ್ಲಿ ಮಣಲೇರನೆಂಬವನು ಮೆರೆದ ಪರಾಕ್ರಮಕ್ಕೆ ಮೆಚ್ಚಿ ಒಡೆಯನು ‘ಬೇಡು’ ಎಂದ. ಮಣಲೇರ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ಕಾಳಿ ದೊಡ್ಡದೊಂದು ಹಂದಿಯೊಡನೆ ಹೋರಾಡಿತು; ಎರಡೂ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಂತಿತು, ಭೂಮಿ ದತ್ತಿಯಾಯಿತು, ಕಲ್ಲನ್ನು ಪೂಜಿಸದೆ ಅಲ್ಲಿಯ ಗೊರವ ಉಣ್ಣಬಾರದೆಂದು ಕಟ್ಟಳೆಯಾಯಿತು. ಕಲ್ಲು ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಬರೆದವನಿಗೆ ನಾಯಿ ದೇವರಾಗಬೇಕಾಗಲಿಲ್ಲ. ಅದು ನಾಯಿಯಾಗಿ ಹೋರಾಡಿ ಸತ್ತಿತು, ಅದರ ಹೆಸರು ಕಾಳಿ, ಇಷ್ಟೇ. ಮಹಾಕಾವ್ಯ ಕರಗಿಸಿದ ತೊಡಕನ್ನು ಈ ಶಾಸನ ಬಿಡಿಸಿದೆ ಎಂದು ನನಗೆ ತೋರುತ್ತದೆ.

ರಜೆ ಬಂತು. ಗೆಳೆಯರೊಡನೆ ಮಸ್ಕಿಗೆ ನಾನೂ ಹೋದೆ, ನಾಯಿಯೂ ಬಂತು. ೧೯೧೫ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರು ಕಂಡ ಬಂಡೆ ಅದು. ‘ದೇವಾನಾಂಪ್ರಿಯ’ನೆಂದರೆ ಅಶೋಕನೇ ಎಂಬುದನ್ನು ಹೆಸರು ಹೇಳಿ ಜಗತ್ತಿಗೆ ತಿಳಿಸಿದ ಶಾಸನ. ಧರ್ಮದಲ್ಲಿ ನಿಂತರೆ ದೊಡ್ಡವರಷ್ಟೇ ಅಲ್ಲ, ಸಣ್ಣವನೂ ಗುರಿಯನ್ನು ಮುಟ್ಟಬಲ್ಲನೆಂದು ಅದರ ತಾತ್ಪರ್ಯ. ಸಣ್ಣವನೆಂದರೆ ನಾಯಿಯೆಂದು ಅರ್ಥ ಮಾಡುವ ಸಾಹಸಕ್ಕೆ ನಾನು ಹೋಗಲಾರೆ. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು ಮಾಡಿದೆನೆಂದು ಆ ಅರಸನೇ ಬೇರೆ ಬಂಡೆಗಳ ಮೇಲೆ ಬರೆಸಿದ್ದುಂಟು.

ನಾಯಿಯನ್ನು ಮೇಲಕ್ಕೆ ಒಯ್ಯಲಿಲ್ಲ. ಒಬ್ಬರು ಗುಡ್ಡದ ಕೆಳಗೆ ಅದರೊಡನೆ ಕೂರುವುದು, ಉಳಿದವರು ಹೋಗಿ ಬರುವುದು ಎಂದು ಸರದಿ ಮಾಡಿಕೊಂಡೆವು. ನನ್ನ ಸರದಿಯಲ್ಲಿ ಮುಕ್ಕಾಲು ಗಂಟೆ ಕುಳಿತಿದ್ದೆ. ಹಿಂದೆ ಎರಡು ಸಲ ಬಂದಾಗಲೂ ಶಾಸನ ನೋಡಿ ಗಡಿಬಿಡಿಯಿಂದ ಮರಳಿದವನು, ಆ ಗುಡ್ಡದ ಮೇಲೆ ಬಿಸಿಲು ಸರಿಯುವುದನ್ನು ಅಂದೇ ಮೊದಲು ನೋಡಿದೆ. ನಾಯಿ ಗುಡ್ಡವನ್ನು ನೋಡಲೇ ಇಲ್ಲ; ಅದರ ಕಣ್ಣು ಒಡೆಯ ಹೋದ ದಾರಿಯಲ್ಲಿತ್ತು.

ಕೆಳಗಿಳಿದು ಬಂದ ಗೆಳೆಯರು ಅದನ್ನು ಕಂಡರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಪಿ ಎಲ್ಲೂ ಓಡಿ ಹೋಗಂಗಿಲ್ಲ ಬಿಡ್ರಿ” ಎಂದರು. ಮರುದಿನ ಅವರ ಮನೆಯವರೂ ಮಕ್ಕಳೂ ಬಸ್ಸಿನಲ್ಲಿ ಹಂಪಿಗೆ ಹೋದರು. ಅವರು ನಾಯಿಯೊಡನೆ ಸಿಂಧನೂರಿನಲ್ಲಿಯೇ ಉಳಿದರು.