ಅವ್ವ 'ಹೋಗಿತ್ತು' ಎಂಬ ತಪ್ಪು

ಐದನೇ ಕ್ಲಾಸಿನ ನೋಟ್‌ಬುಕ್ಕಿನಲ್ಲಿ ನಾನು 'ನಮ್ಮವ್ವ ಕೂಲಿಗೆ ಓಗಿತ್ತು' ಎಂದು ಬರೆದಿದ್ದೆ. ಮೇಷ್ಟ್ರು ಎರಡು ಕೆಂಪು ಗೀಟು ಎಳೆದರು. ಒಂದು 'ಓ' ಕೆಳಗೆ. ಅದು ಸರಿ, ಕಲಿಯಬೇಕಾದದ್ದೇ. ಇನ್ನೊಂದು 'ಇತ್ತು' ಕೆಳಗೆ. "ನಿಮ್ಮವ್ವ ಏನು ದನವೇನೋ?" ಅಂದರು. ಕ್ಲಾಸೆಲ್ಲ ನಕ್ಕಿತು, ನಾನೂ ನಕ್ಕೆ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅವ್ವ 'ಬತ್ತದೆ', 'ಓಯ್ತದೆ'. ಆ ನಪುಂಸಕಲಿಂಗದಲ್ಲಿ ಇರುವುದು ಸಲುಗೆಯೇ ಹೊರತು ಅಸಡ್ಡೆಯಲ್ಲ. ಇದು ಬರೀ ಕೇರಿಯ ಮಾತಲ್ಲ, ಊರಿನದೂ ಹೌದು. ಆದರೆ ಊರಿನ ಹುಡುಗ ಹೀಗೆ ಬರೆದರೆ ಹಳ್ಳಿ ಗುಗ್ಗು ಅನ್ನಿಸಿಕೊಳ್ಳುತ್ತಾನೆ. ಕೇರಿಯ ಹುಡುಗ ಬರೆದರೆ ಅವನ ಜಾತಿಯೇ ಮಾತಾಡಿದಂತೆ ಕೇಳಿಸುತ್ತದೆ.

ಈಗ ಶಿಕ್ಷಕರ ತರಬೇತಿಗಳಲ್ಲಿ 'ಬಹುಸಂಸ್ಕೃತಿ ಶಿಕ್ಷಣ', 'ಮಗುವಿನ ಸಂಸ್ಕೃತಿಗೆ ಸ್ಪಂದಿಸುವ ಬೋಧನೆ' ಎಂಬ ಮಾತುಗಳು ಓಡಾಡುತ್ತಿವೆ. ಇದರ ಬೇರು ಇರುವುದು ಅಮೆರಿಕದ ಕಪ್ಪು ಮಕ್ಕಳ ತರಗತಿಗಳಲ್ಲಿ. ಗ್ಲೋರಿಯಾ ಲ್ಯಾಡ್ಸನ್-ಬಿಲ್ಲಿಂಗ್ಸ್ 1995ರಲ್ಲಿ ಇದನ್ನು ಸಿದ್ಧಾಂತವಾಗಿ ಮಂಡಿಸಿದಾಗ ಕೇಳಿದ್ದು ಮೂರು: ಮಗು ಚೆನ್ನಾಗಿ ಕಲಿಯಬೇಕು, ಕಲಿಯುವುದಕ್ಕಾಗಿ ತನ್ನ ಸಂಸ್ಕೃತಿಯನ್ನು ಬಿಟ್ಟುಕೊಡುವಂತಾಗಬಾರದು, ತನ್ನವರನ್ನು ಕೆಳಗಿಟ್ಟ ವ್ಯವಸ್ಥೆಯನ್ನು ಪ್ರಶ್ನಿಸುವ ಶಕ್ತಿ ಅದಕ್ಕೆ ಬರಬೇಕು. ನಮ್ಮಲ್ಲಿಗೆ ಬರುವಷ್ಟರಲ್ಲಿ ಈ ಮೂರನೆಯದು ಎಲ್ಲೋ ಜಾರಿಹೋಯಿತು. ನಾನು ಕಂಡ ಶಾಲೆಗಳಲ್ಲಿ ಉಳಿದಿರುವುದು ವೇಷಭೂಷಣ ಸ್ಪರ್ಧೆ ಮತ್ತು 'ವಿವಿಧತೆಯಲ್ಲಿ ಏಕತೆ' ಚಾರ್ಟು. ಅದರಲ್ಲಿ ತಮಟೆ ಹಿಡಿಯುವ ಹುಡುಗ ಯಾರು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ.

ನನ್ನ ತಕರಾರು ಇನ್ನೂ ಸ್ವಲ್ಪ ಆಳದ್ದು. ಮೇಷ್ಟರಿಗೆ ಮಗುವಿನ ಹಿನ್ನೆಲೆ ಗೊತ್ತಿಲ್ಲ, ಗೊತ್ತಾದರೆ ಎಲ್ಲ ಸರಿಹೋಗುತ್ತದೆ ಎಂಬ ನಂಬಿಕೆಯ ಮೇಲೆ ಈ ತರಬೇತಿಗಳು ನಿಂತಿವೆ. ಜಾತಿಯ ನಾಡಿನಲ್ಲಿ ಮೇಷ್ಟರಿಗೆ ಅದು ಗೊತ್ತಿರಲಿಲ್ಲ ಅಂದವರು ಯಾರು? ಸಾತಾರದ ಶಾಲೆಯಲ್ಲಿ ಬಾಲಕ ಅಂಬೇಡ್ಕರರು ಬೇರೆ ಮೂಲೆಯಲ್ಲಿ ಕೂರಬೇಕಿತ್ತು. ಕೂರುವ ಗೋಣಿತಟ್ಟನ್ನು ಮನೆಯಿಂದ ತಂದು ಸಂಜೆ ವಾಪಸ್ ಒಯ್ಯಬೇಕಿತ್ತು. ಜವಾನ ಬಂದು ನಲ್ಲಿ ತಿರುಗಿಸದಿದ್ದರೆ ನೀರಿಲ್ಲ. ಆ ಶಾಲೆ ಮಗುವಿನ ಹಿನ್ನೆಲೆಯನ್ನು ಚೆನ್ನಾಗಿಯೇ ಗುರುತಿಸಿತ್ತು, ಅದಕ್ಕೆ ತಕ್ಕಂತೆ 'ಸ್ಪಂದಿಸಿತ್ತು' ಕೂಡ! ಗುರುತಿಸುವುದೇ ನ್ಯಾಯವಲ್ಲ. ನಮ್ಮಲ್ಲಿ ಅದು ಬಹುತೇಕ ಅನ್ಯಾಯದ ಮೊದಲ ಹೆಜ್ಜೆಯಾಗಿದೆ.

ಇನ್ನೊಂದು ಪ್ರಬಂಧದ ಕತೆ ಹೇಳಬೇಕು. 'ನಮ್ಮ ಮನೆಯ ಹಬ್ಬ' ಅಂತ ಬರೆಯಲು ಕೊಟ್ಟರು. ಮಗುವಿನ ಅನುಭವದಿಂದಲೇ ಶುರುವಾಗುವ, ಯಾವ ತರಬೇತಿಯೂ ಮೆಚ್ಚುವಂಥ ವಿಷಯ. ಹಬ್ಬದ ದಿನ ನಮ್ಮ ಮನೆಯಲ್ಲಿ ಬೆಂದದ್ದು ಬಾಡು. ಯಾವ ಬಾಡು ಅಂತ ಬರೆಯುವ ಹಾಗಿರಲಿಲ್ಲ. ನಾನು ತೋರಣ, ಅಭ್ಯಂಜನ, ಒಬ್ಬಟ್ಟು, ಅಮ್ಮ ಬಿಡಿಸಿದ ರಂಗೋಲಿ ಎಲ್ಲ ಬರೆದೆ. 'ಅವ್ವ' ಅಂತಲೂ ಬರೆಯಲಿಲ್ಲ ನೋಡಿ. ಒಂದೂ ಕೆಂಪು ಗೀಟಿಲ್ಲ. ಮೇಷ್ಟ್ರು ಕ್ಲಾಸಿನಲ್ಲಿ ಓದಿಸಿದರು. ನಿನ್ನ ಮನೆಯದನ್ನು ಹೇಳು ಎಂಬ ಪ್ರೀತಿಯ ಮಾತೂ ಕೆಲವು ಮಕ್ಕಳಿಗೆ ಸುಳ್ಳು ಕಲಿಸುತ್ತದೆ. ಹೇಳಿದರೆ ಆಗುವ ಅವಮಾನಕ್ಕೆ ಅಡ್ಡ ನಿಲ್ಲುವವರು ಯಾರೆಂದು ಹೇಳದೆ ಬಾಯಿಬಿಡಿಸುವುದು ಕ್ರೌರ್ಯವೇ.

ಎಂ.ಎ. ತರಗತಿಯಲ್ಲಿ 'ಕುಸುಮಬಾಲೆ' ಓದಿದಾಗ ನನಗೆ ಮೊದಲು ಬಂದದ್ದು ಕೋಪ. ಆಮೇಲೆ ಸಂತೋಷ. ನಮ್ಮ ನೋಟ್‌ಬುಕ್ಕುಗಳಲ್ಲಿ ಗೀಟು ತಿಂದ ಮಾತೇ ಇಲ್ಲಿ ಸಂಭಾಷಣೆಯನ್ನು ದಾಟಿ ನಿರೂಪಣೆಗೂ ಹಬ್ಬಿದೆ. 1984ರಲ್ಲಿ ಬಂದ ಈ ಕೃತಿಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಭಾಷೆ ಅರ್ಥವಾಗುವುದಿಲ್ಲ ಎಂದು ಗೊಣಗಿದವರೂ ಅದರ ಕಾವ್ಯಗುಣವನ್ನು ಒಪ್ಪಿದರು. ನಮ್ಮ ವಿಮರ್ಶೆ ಅದನ್ನು ಯಜಮಾನ ಭಾಷೆಯ ವಿರುದ್ಧದ ಬಂಡಾಯವೆಂದು ಕೊಂಡಾಡಿತು. ಸರಿಯಾಗಿಯೇ ಕೊಂಡಾಡಿತು. ಆದರೆ ಅದೇ ನಂಜನಗೂಡು, ಚಾಮರಾಜನಗರದ ಕಡೆಯ ಶಾಲೆಗಳಲ್ಲಿ ಆ ಭಾಷೆಗೆ ಎಷ್ಟು ಅಂಕ ಬೀಳುತ್ತದೆ ಎಂದು ನಾವು ದಲಿತ ವಿಮರ್ಶಕರೂ ಹೋಗಿ ನೋಡಲಿಲ್ಲ. 2022ರಲ್ಲಿ ಪಠ್ಯಪುಸ್ತಕ ಪರಿಷ್ಕರಣೆಯ ಗಲಾಟೆಯಾಗಿ, ದೇವನೂರ ಮಹಾದೇವ ಅವರು ಹತ್ತನೇ ತರಗತಿಯ ತಮ್ಮ ಪಾಠಕ್ಕೆ ಕೊಟ್ಟಿದ್ದ ಒಪ್ಪಿಗೆಯನ್ನು ವಾಪಸ್ ಪಡೆದಾಗ ನಾವೆಲ್ಲ ಅವರ ಜೊತೆ ನಿಂತೆವು. ಚರ್ಚೆ ಯಾರ ಪಾಠ ಒಳಗೆ, ಯಾರದು ಹೊರಗೆ ಎಂಬಲ್ಲೇ ಸುತ್ತಿತು. ಪಾಠ ಯಾರದೇ ಇರಲಿ, ಅದಕ್ಕೆ ಮಗು ಯಾವ ಕನ್ನಡದಲ್ಲಿ ಉತ್ತರ ಬರೆಯಬಹುದು ಎಂಬ ಪ್ರಶ್ನೆ ನಮ್ಮ ಭಾಷಣಗಳಲ್ಲೂ ಬರಲಿಲ್ಲ.

ಶಿಷ್ಟ ಕನ್ನಡ ಬೇಡ ಅಂತ ನಾನು ಹೇಳುತ್ತಿಲ್ಲ. ಅದು ಅಧಿಕಾರದ ಭಾಷೆ. ಕೇರಿಯ ಮಕ್ಕಳಿಗೆ ಅದನ್ನು ಕಲಿಸದೆ 'ನಿನ್ನ ಭಾಷೆಯೇ ಚಂದ' ಅನ್ನುವುದು ಹೊಟ್ಟೆ ತುಂಬಿದವರ ಹುನ್ನಾರ. ಆದರೆ ಮೇಷ್ಟ್ರು 'ಹೋಗಿತ್ತು', 'ಹೋಗಿದ್ದರು' ಎರಡನ್ನೂ ಬೋರ್ಡಿನ ಮೇಲೆ ಬರೆದು, ಯಾವುದು ಎಲ್ಲಿ ನಡೆಯುತ್ತದೆ, ಒಂದು ಪುಸ್ತಕಕ್ಕೆ ಹೋಗಿ ಇನ್ನೊಂದು ಯಾಕೆ ಹಟ್ಟಿಯಲ್ಲೇ ಉಳಿಯಿತು ಎಂದು ಕೇಳಬಹುದಿತ್ತು. ಅಷ್ಟಕ್ಕೆ ಹತ್ತು ನಿಮಿಷ ಸಾಕಿತ್ತು. ವ್ಯಾಕರಣವೂ ಕಲಿಯುತ್ತಿತ್ತು ಕ್ಲಾಸು, ಸಮಾಜವೂ.

ಮೇಷ್ಟರನ್ನು ಬೈಯುವುದು ಸುಲಭ. ಹೋದ ವರ್ಷ ಪದವಿ ಪರೀಕ್ಷೆಯ ಮೌಲ್ಯಮಾಪನಕ್ಕೆ ಕೂತಿದ್ದೆ. ದಲಿತ ಆತ್ಮಕಥೆಗಳ ಬಗೆಗಿನ ಒಂದು ಉತ್ತರದ ನಡುವೆ 'ನಮ್ಮವ್ವನೂ ಇಂಗೇ ಏಳ್ತಿತ್ತು' ಅಂತ ಒಂದು ಸಾಲು. ಓದಿ ಮುಗಿಸುವ ಮೊದಲೇ ನನ್ನ ಕೆಂಪು ಪೆನ್ನು ಅದರ ಕೆಳಗೆ ಓಡಿತ್ತು. ಅಂಕ ಕಳೆಯಲಿಲ್ಲ, ಆದರೆ ಗೀಟು ಗೀಟೇ. ಯಾರ ಉತ್ತರವೋ ಗೊತ್ತಿಲ್ಲ. ಪತ್ರಿಕೆಯ ಮೇಲೆ ಇದ್ದದ್ದು ಬರೀ ಕೋಡ್ ನಂಬರು.