ಶಿನೇಡ್ ಓ'ಕಾನರ್: ಹರಿದ ಚಿತ್ರದಾಚೆಯ ದನಿ

ಐರ್ಲೆಂಡಿನ ಗಾಯಕಿ, ಗೀತರಚನೆಗಾರ್ತಿ ಶಿನೇಡ್ ಓ'ಕಾನರ್ (1966–2023) ಎಂದರೆ ಬಹುತೇಕರಿಗೆ ನೆನಪಾಗುವುದು ಎರಡೇ ದೃಶ್ಯ. 1990ರ 'ನಥಿಂಗ್ ಕಂಪೇರ್ಸ್ ಟು ಯು' ವಿಡಿಯೊದಲ್ಲಿ ಕೆನ್ನೆಗಿಳಿದ ಕಣ್ಣೀರು; 1992ರ ಅಕ್ಟೋಬರ್ 3ರಂದು ಅಮೆರಿಕದ ಟಿವಿಯಲ್ಲಿ ಅವರು ಹರಿದು ಹಾಕಿದ ಪೋಪ್ ಎರಡನೆಯ ಜಾನ್ ಪಾಲ್ ಅವರ ಚಿತ್ರ. ಇವೆರಡರ ಅಬ್ಬರದಲ್ಲಿ ಅವರ ಹಾಡುಗಾರಿಕೆಗೆ ಸಲ್ಲಬೇಕಾದ ಗಮನ ಸಲ್ಲಲಿಲ್ಲ. ಅವರನ್ನು ಲೋಕಪ್ರಸಿದ್ಧರನ್ನಾಗಿಸಿದ ಆ ಹಾಡನ್ನು ಬರೆದವರು ಪ್ರಿನ್ಸ್. ಆದ್ದರಿಂದ ಶಿನೇಡ್ ಅವರ ಸ್ವಂತ ಸತ್ವವನ್ನು ಬೇರೆಡೆ ಹುಡುಕಬೇಕು.

1987ರ 'ದ ಲಯನ್ ಅಂಡ್ ದ ಕೋಬ್ರಾ' ಆಲ್ಬಮ್ಮಿನ 'ಟ್ರಾಯ್' ಅವರದೇ ರಚನೆ. ಪಿಸುದನಿಯಲ್ಲಿ ಹೊರಟ ಹಾಡು ಆರ್ಭಟಕ್ಕೇರುತ್ತದೆ. ಆದರೂ ಒಂದು ಸ್ವರವೂ ಹಿಡಿತ ತಪ್ಪುವುದಿಲ್ಲ. ಮೂರು ವರ್ಷಗಳ ನಂತರದ 'ಐ ಆಮ್ ಸ್ಟ್ರೆಚ್ಡ್ ಆನ್ ಯುವರ್ ಗ್ರೇವ್' ಇನ್ನೂ ದಿಟ್ಟ ಪ್ರಯೋಗ. ಹಳೆಯ ಐರಿಷ್ ಶೋಕಗೀತೆಯೊಂದರ ಇಂಗ್ಲಿಷ್ ಅನುವಾದವನ್ನು ಜೇಮ್ಸ್ ಬ್ರೌನ್ ತಂಡದ ಡ್ರಮ್ ತಾಳಕ್ಕೆ ಕೂಡಿಸಿದರು. ಕೊನೆಯಲ್ಲಿ ಪಿಟೀಲು ಬರುವವರೆಗೆ ಹಾಡಿನ ಭಾರವನ್ನೆಲ್ಲ ದನಿಯೇ ಹೊರುತ್ತದೆ. ಊರಿನ ಶೋಕ ಕ್ಲಬ್ಬಿನ ತಾಳದಲ್ಲೂ ತನ್ನ ಘನತೆ ಕಳೆದುಕೊಳ್ಳುವುದಿಲ್ಲ.

ಚಿತ್ರ ಹರಿದ ಆ ರಾತ್ರಿಯನ್ನೂ ಮೊದಲು ಸಂಗೀತವಾಗಿಯೇ ಕೇಳಬೇಕು. ವಾದ್ಯಗಳಿಲ್ಲದೆ ಬಾಬ್ ಮಾರ್ಲಿಯ 'ವಾರ್' ಹಾಡಿದ ಅವರು, ಅದರಲ್ಲಿ ಮಕ್ಕಳ ಮೇಲಿನ ದೌರ್ಜನ್ಯದ ಮಾತನ್ನು ಸೇರಿಸಿದರು. ಎರಡು ವಾರದೊಳಗೆ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್ನಿನ ಸಂಗೀತ ಕಾರ್ಯಕ್ರಮದಲ್ಲಿ ಜನ ಅವರ ವಿರುದ್ಧ ಕೂಗಾಡಿದಾಗ, ಅದೇ ಹಾಡನ್ನು ಮತ್ತೆ ಎತ್ತಿಕೊಂಡರು. ಅವರು ಅಂದು ಪ್ರತಿಭಟಿಸಿದ್ದ, ಕ್ಯಾಥೊಲಿಕ್ ಚರ್ಚಿನ ಸಂಸ್ಥೆಗಳಲ್ಲಿ ಮಕ್ಕಳು ಅನುಭವಿಸಿದ ಹಿಂಸೆಯನ್ನು ಐರ್ಲೆಂಡಿನ ಅಧಿಕೃತ ತನಿಖಾ ವರದಿಗಳು ವಿವರವಾಗಿ ದಾಖಲಿಸಿದ್ದು 2009ರಲ್ಲಿ. ಅಷ್ಟರಲ್ಲಿ ಅವರ ವೃತ್ತಿಗೆ ಆದ ಹಾನಿ ಆಗಿಹೋಗಿತ್ತು.

ಅವರ ಎಲ್ಲ ಕೆಲಸವೂ ಒಂದೇ ಮಟ್ಟದ್ದಲ್ಲ. 1992ರ 'ಆಮ್ ಐ ನಾಟ್ ಯುವರ್ ಗರ್ಲ್?' ಆಲ್ಬಮ್ಮಿನ ಹಳೆಯ ಜನಪ್ರಿಯ ಗೀತೆಗಳಲ್ಲಿ ದೊಡ್ಡ ವಾದ್ಯವೃಂದದ ಸದ್ದಿಗೆ ದನಿಯ ಅಂಚು ಮಸುಕಾಗುತ್ತದೆ. ಸುತ್ತಲಿನ ಸದ್ದು ಕಡಿಮೆಯಾದಷ್ಟೂ ಬೆಳೆಯುವ ದನಿ ಅದು. 2002ರ 'ಶಾನ್ ನೋಸ್ ನೂವಾ'ದಲ್ಲಿ ಐರ್ಲೆಂಡಿನ ಸಾಂಪ್ರದಾಯಿಕ ಹಾಡುಗಳಿಗೆ ಮರಳಿದಾಗ ಆ ದನಿಗೆ ಮತ್ತೆ ನೆಲೆ ಸಿಕ್ಕಿತು.

ಶಿನೇಡ್ ಅವರನ್ನು ಕೇವಲ ಬಂಡಾಯಗಾರ್ತಿಯೆಂದು ಹೊಗಳುವುದೂ ಅವರನ್ನು ಕಿರಿದಾಗಿಸಿದಂತೆಯೇ. ಐರಿಷ್ ಶೋಕಗೀತೆಯ ಕಸುವನ್ನು ಪಾಪ್ ಸಂಗೀತಕ್ಕೆ ತಂದ ದೊಡ್ಡ ಗಾಯಕಿ ಅವರು. ಆ ಬಂಡಾಯಕ್ಕೆ ಬಲ ಬಂದದ್ದೂ ಈ ಗಾಯನದಿಂದಲೇ.