ಎರಡು ಹೊಳ್ಳೆಗಳ ಸರದಿ
ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಎಂದರೆ ವರ್ಜೀನಿಯಾ ತಂಬಾಕಿನ ಸೀಮೆ. ಇಲ್ಲಿ ಕೂತು ಉಸಿರನ್ನು ಹೊಗಳುವುದು ಕೊಂಚ ತಮಾಷೆಯೇ. ಆದರೆ ಪ್ರಾಣಾಯಾಮದ ನಂಟೂ ಇಲ್ಲಿಗೆ ದೂರದ್ದಲ್ಲ. ಕೆ.ಆರ್. ನಗರ ಯಾರ ಹೆಸರು ಹೊತ್ತಿದೆಯೋ ಆ ನಾಲ್ವಡಿ ಕೃಷ್ಣರಾಜ ಒಡೆಯರೇ 1933ರಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಗುರು ಕೃಷ್ಣಮಾಚಾರ್ಯರಿಗೆ ಯೋಗಶಾಲೆ ತೆರೆದುಕೊಟ್ಟವರು. ಮರುವರ್ಷ ಆಚಾರ್ಯರ ‘ಯೋಗ ಮಕರಂದ’ ಕನ್ನಡದಲ್ಲೇ ಬಂತು.

ಹೊಸಬರಿಗೆ ನಾನು ಹೇಳುವುದು ನಾಡಿಶೋಧನ ಪ್ರಾಣಾಯಾಮ. ಚಾಪೆಯೊಂದಿದ್ದರೆ ಸಾಕು, ಹೊಟ್ಟೆ ಖಾಲಿ, ಬೆನ್ನು ನೆಟ್ಟಗೆ. ಬಲಗೈಯ ತೋರುಬೆರಳು, ನಡುಬೆರಳು ಮಡಚಿ, ಹೆಬ್ಬೆರಳಿಂದ ಬಲ ಹೊಳ್ಳೆ ಮುಚ್ಚಿ ಎಡದಿಂದ ಉಸಿರೆಳೆಯಿರಿ. ಉಂಗುರಬೆರಳಿಂದ ಎಡ ಮುಚ್ಚಿ ಬಲದಿಂದ ಬಿಡಿ. ಬಲದಿಂದಲೇ ಎಳೆದು ಎಡದಿಂದ ಬಿಟ್ಟರೆ ಒಂದು ಸುತ್ತು. ಪೂರಕಕ್ಕೆ, ಅಂದರೆ ಎಳೆಯುವ ಉಸಿರಿಗೆ, ನಾಲ್ಕರ ಎಣಿಕೆ; ರೇಚಕಕ್ಕೆ, ಅಂದರೆ ಬಿಡುವ ಉಸಿರಿಗೆ, ಆರು. ಬಿಡುವ ಉಸಿರು ನೀಳವಾದಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಅದನ್ನು ಶರೀರಶಾಸ್ತ್ರವೂ ಒಪ್ಪುತ್ತದೆ. ಈ ಬೆರಳಾಟದ ಮಿತವ್ಯಯ ನನಗೆ ಬಲು ಇಷ್ಟ.

ಉಸಿರು ಹಿಡಿದಿಡುವ ಕುಂಭಕದ ಆತುರ ಬೇಡ. ಟೀವಿ ನೋಡಿ ಉಸಿರನ್ನು ರಭಸದಿಂದ ಹೊರದೂಡುವ ಕಪಾಲಭಾತಿಗೆ ನೇರ ಧುಮುಕುವವರನ್ನು ಕಂಡರೆ ನನಗೆ ದಿಗಿಲು. ರಕ್ತದೊತ್ತಡ, ಹೃದ್ರೋಗ ಇದ್ದವರು ಮೊದಲು ವೈದ್ಯರನ್ನು ಕೇಳಲಿ. ತಲೆಸುತ್ತಿದರೆ ಕೈ ಇಳಿಸಿ, ಎಂದಿನಂತೆ ಉಸಿರಾಡಿ.